ಹಳೆಯ ಜಿಪ್ಸಿಗೆ ಅಲಾಯ್ ಚಕ್ರ: ಐದು ತೂತು ಕೂತರೆ ಸಾಕೇ?

ಪ್ರಶ್ನೆ (ಬರೆದವರು: ತೋಟದ ಜಿಪ್ಸಿ)

ಮಾನ್ಯರೇ, ಮೂಡಿಗೆರೆ ತಾಲ್ಲೂಕಿನಲ್ಲಿರುವ ನಮ್ಮ ಕಾಫಿ ತೋಟದ ಓಡಾಟಕ್ಕೆ 2004ರ ಮಾದರಿಯ ಮಾರುತಿ ಜಿಪ್ಸಿ ಕಿಂಗ್ ಒಂದನ್ನು ಇಟ್ಟುಕೊಂಡಿದ್ದೇವೆ. ಇಪ್ಪತ್ತು ಮಳೆಗಾಲ ಕಂಡ ಅದರ ಉಕ್ಕಿನ ಡಿಸ್ಕ್‌ಗಳ (ಟೈರು ಕೂರುವ ಚಕ್ರಗಳ) ಪೈಕಿ ಎರಡು ವಾಲ್ವ್ ತೂತಿನ ಸುತ್ತ ತುಕ್ಕು ತಿಂದು ತೆಳುವಾಗಿವೆ. ಇನ್ನೊಂದರ ಅಂಚು ಕಲ್ಲಿಗೆ ಬಡಿದು ಬಗ್ಗಿರುವುದರಿಂದ ವಾರಕ್ಕೊಮ್ಮೆ ಗಾಳಿ ತುಂಬಿಸಬೇಕಾಗಿದೆ. ಹೇಗಿದ್ದರೂ ಬದಲಾಯಿಸಬೇಕಲ್ಲ, ಅಲಾಯ್ ಚಕ್ರಗಳನ್ನೇ ಹಾಕಿಸೋಣ ಎಂಬ ಯೋಚನೆ ಬಂದಿದೆ. ಮಗನ ಒತ್ತಾಯವೇ ಇದರಲ್ಲಿ ಹೆಚ್ಚು ಎಂಬುದನ್ನೂ ಒಪ್ಪಿಕೊಳ್ಳುತ್ತೇನೆ.

ಸದ್ಯಕ್ಕೆ ಎರಡು ಆಯ್ಕೆಗಳಿವೆ. ಪರಿಚಯದವರೊಬ್ಬರು ತಮ್ಮ ಐದು ಬಾಗಿಲಿನ ಜಿಮ್ನಿಗೆ ದೊಡ್ಡ ಟೈರು ಹಾಕಿಸಿಕೊಂಡು, ಅದರೊಡನೆ ಬಂದಿದ್ದ 15 ಇಂಚಿನ ಅಲಾಯ್ ಚಕ್ರಗಳನ್ನು 195/80 ಆರ್15 (ಅಗಲ 195 ಮಿ.ಮೀ., ಪಕ್ಕದ ಎತ್ತರ ಅದರ ಶೇ. 80, ರಿಮ್ 15 ಇಂಚು) ಟೈರುಗಳ ಸಮೇತ ಕೊಡಲು ಸಿದ್ಧರಿದ್ದಾರೆ. ಇನ್ನೊಂದೆಡೆ, ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯೊಂದರಲ್ಲಿ ಹಳೆಯ ಥಾರ್‌ಗೆಂದು ಇಟ್ಟಿದ್ದ 15 ಇಂಚು ವ್ಯಾಸದ, 8 ಇಂಚು ಅಗಲದ, ಆಫ್‌ಸೆಟ್ (ಅಚ್ಚಿನ ತುದಿಯ ಹಬ್ಬಿಗೆ ತಾಗುವ ಮುಖ ರಿಮ್ಮಿನ ನಡುಗೆರೆಯಿಂದ ಎಷ್ಟು ಮಿ.ಮೀ. ಸರಿದಿದೆ ಎಂಬ ಅಳತೆ; ಮೈನಸ್ ಎಂದರೆ ಚಕ್ರ ಹೊರಕ್ಕೆ, ಪ್ಲಸ್ ಎಂದರೆ ಒಳಕ್ಕೆ) ಮೈನಸ್ 20 ಇರುವ ಚಕ್ರಗಳನ್ನು ತೋರಿಸಿ, "ಪಿಸಿಡಿ (ಐದು ತೂತುಗಳಿರುವ ವೃತ್ತದ ವ್ಯಾಸ) ಒಂದೇ, ಕಣ್ಣು ಮುಚ್ಚಿಕೊಂಡು ಹಾಕಿ, ನಡುವಿನ ತೂತು ಬಿಗಿಯಾದರೆ ಲೇತ್‌ನಲ್ಲಿ ಸ್ವಲ್ಪ ಕೊರೆಸಿದರಾಯಿತು" ಎಂದರು. ನೋಡಲು ಎರಡನೆಯದೇ ಚೆನ್ನಾಗಿದೆ. ಪಿಸಿಡಿ ಹೊಂದಿದ ಮಾತ್ರಕ್ಕೆ ಚಕ್ರ ಹೊಂದುತ್ತದೆಯೇ? ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ 1 (ಬರೆದವರು: ಅಳತೆಪಟ್ಟಿ)

ಅಂಗಡಿಯವರು ಹೇಳಿದ್ದು ಸುಳ್ಳಲ್ಲ, ಆದರೆ ಅರ್ಧ ಮಾತು. ಜಿಪ್ಸಿಯ ಹಬ್ಬಿನಲ್ಲಿ ನಟ್ ಬಿಗಿಯುವ ಐದು ಸ್ಟಡ್‌ಗಳು 139.7 ಮಿ.ಮೀ. ವ್ಯಾಸದ, ಅಂದರೆ ಐದೂವರೆ ಇಂಚಿನ ವೃತ್ತದ ಮೇಲಿವೆ. ಜಿಮ್ನಿಯಲ್ಲೂ ಹಳೆಯ ಥಾರ್‌ನಲ್ಲೂ ಅಷ್ಟೇ ಇದೆ. ಅನುಮಾನವಿದ್ದರೆ ಪಕ್ಕಪಕ್ಕದ ಎರಡು ಸ್ಟಡ್‌ಗಳ ಮಧ್ಯಬಿಂದುಗಳ ನಡುವಿನ ದೂರವನ್ನು ಅಳೆದು 1.701ರಿಂದ ಗುಣಿಸಿ ನೋಡಿ, ದೂರ 82.1 ಮಿ.ಮೀ. ಬಂದರೆ ಲೆಕ್ಕ ಸರಿಹೋಗುತ್ತದೆ. ರಷ್ಯಾದ ಲಾಡಾ ನೀವಾಕ್ಕೂ ಇದೇ ಪಿಸಿಡಿ ಇದೆ, ಆದರೆ ಅದರ ಆಫ್‌ಸೆಟ್ ಪ್ಲಸ್ 58. ಆ ಚಕ್ರವನ್ನು ಜಿಪ್ಸಿಗೆ ಹಾಕಿದರೆ ಟೈರು ಒಳಗಿನ ಭಾಗಗಳಿಗೆ ಒರೆಸುವಷ್ಟು ಒಳಕ್ಕೆ ಸರಿದುಬಿಡುತ್ತದೆ. ತೂತುಗಳು ಹೊಂದುವುದಕ್ಕೂ ಚಕ್ರ ಹೊಂದುವುದಕ್ಕೂ ಇರುವ ಅಂತರವೆಂದರೆ ಇದೇ.

ಈಗ ನಿಮ್ಮ ಎರಡು ಆಯ್ಕೆಗಳನ್ನು ಲೆಕ್ಕಕ್ಕಿಳಿಸೋಣ. ಜಿಮ್ನಿಯ ಚಕ್ರದ ಅಗಲ 5.5 ಇಂಚು, ಆಫ್‌ಸೆಟ್ ಪ್ಲಸ್ 5. ರಿಮ್ಮಿನ ಅಗಲವನ್ನು ಟೈರಿನ ಅಂಚು ಕೂರುವ ಜಾಗಗಳ ನಡುವೆ ಅಳೆಯುತ್ತಾರಾದ್ದರಿಂದ ಹೊರಗಿನ ಒಟ್ಟು ಅಗಲ ಸುಮಾರು ಒಂದು ಇಂಚು ಹೆಚ್ಚಿರುತ್ತದೆ. ಹಾಗಾಗಿ ಹಬ್ಬಿಗೆ ತಾಗುವ ಮುಖದಿಂದ ಈ ರಿಮ್ಮಿನ ಹೊರ ಅಂಚು ಸುಮಾರು 78 ಮಿ.ಮೀ. ಆಚೆಗಿರುತ್ತದೆ. 8 ಇಂಚಿನ ಮೈನಸ್ 20 ಚಕ್ರದಲ್ಲಿ ಅದೇ ದೂರ ಸುಮಾರು 134 ಮಿ.ಮೀ. ಆಗುತ್ತದೆ, ಎಂದರೆ ಪ್ರತಿ ಬದಿಯಲ್ಲೂ ಐದೂವರೆ ಸೆಂಟಿಮೀಟರಿಗಿಂತ ಹೆಚ್ಚು ಹೊರಚಾಚು. ಕೆಸರು ಬಾಗಿಲಿಗೆ ಸಿಡಿಯುವುದು ಅದರಲ್ಲಿ ಚಿಕ್ಕ ತೊಂದರೆ. ಟೈರಿನ ನಡುಗೆರೆ 25 ಮಿ.ಮೀ. ಹೊರಸರಿಯುವುದರಿಂದ ಮುಂದಿನ ಬೇರಿಂಗ್ ಮತ್ತು ಕಿಂಗ್‌ಪಿನ್‌ಗಳ (ಮುಂದಿನ ಚಕ್ರ ಎಡಬಲಕ್ಕೆ ತಿರುಗುವ ಕೀಲುಗಳ) ಮೇಲೆ ಬೀಳುವ ಹೊರೆ ಹೆಚ್ಚುತ್ತದೆ, ಪ್ರತಿ ಕಲ್ಲಿನ ಹೊಡೆತವೂ ಸ್ಟಿಯರಿಂಗ್‌ಗೆ ಉದ್ದನೆಯ ಸನ್ನೆಕೋಲಿನಂತೆ ತಲುಪುತ್ತದೆ. ಮೊದಲೇ ಲೀಫ್ ಸ್ಪ್ರಿಂಗಿನ ಗಾಡಿ. ಕಿಂಗ್‌ಪಿನ್ ಸ್ವಲ್ಪ ಸವೆದಿದ್ದರೂ ಸ್ಟಿಯರಿಂಗ್ ನಡುಗಲು ಶುರುಮಾಡುವ ಸ್ವಭಾವ ಅದರದು. ಅದಕ್ಕೆ ನಾವೇ ಹೊಸ ಕಾರಣ ಒದಗಿಸುವುದು ಬೇಡ. ನಿಮ್ಮ 205 ಅಗಲದ ಟೈರಿಗೆ 8 ಇಂಚಿನ ರಿಮ್ ಅತಿಯಾಯಿತು ಎಂಬುದು ಇನ್ನೊಂದು ಮಾತು. ಆ ರಿಮ್ ಕೊಂಡರೆ ಟೈರನ್ನೂ ಹೊಸದಾಗಿ ಕೊಳ್ಳಬೇಕಾಗುತ್ತದೆ.

ಟೈರಿನ ಎತ್ತರದ ಬಗ್ಗೆ: ಜಿಪ್ಸಿ ಕಿಂಗ್‌ನ 205/70 ಆರ್15 ಟೈರಿನ ವ್ಯಾಸ 668 ಮಿ.ಮೀ., ಜಿಮ್ನಿಯದು 693. ಗಾಡಿ 12 ಮಿ.ಮೀ.ಯಷ್ಟು ಮೇಲೇಳುತ್ತದೆ, ಸ್ಪೀಡೋಮೀಟರು 60 ತೋರಿಸುವಾಗ ನಿಜವಾದ ವೇಗ 62ರ ಆಸುಪಾಸಿನಲ್ಲಿರುತ್ತದೆ. ಇದನ್ನು ಸಹಿಸಿಕೊಳ್ಳಬಹುದು. 235/75 ಆರ್15 ಹಾಕಿದರೆ ಇದೇ ವ್ಯತ್ಯಾಸ ಶೇ. 10ರ ಹತ್ತಿರ ಹೋಗುತ್ತದೆ, 1.3 ಲೀಟರ್ ಎಂಜಿನ್ನು ತೋಟದ ಏರಿನಲ್ಲಿ ಏದುಸಿರು ಬಿಡುತ್ತದೆ.

ಉತ್ತರ 2 (ಬರೆದವರು: ಲೇತ್ ಕೆಲಸದವ)

"ಲೇತ್‌ನಲ್ಲಿ ಸ್ವಲ್ಪ ಕೊರೆಸಿ" ಎಂಬ ಮಾತು ಓದಿ ಬರೆಯದೆ ಇರಲಾಗಲಿಲ್ಲ. ಜಿಪ್ಸಿಯ ಮುಂದಿನ ಹಬ್ ಚಕ್ರದ ನಡುವಿನಿಂದ ಹೊರಗೆ ಚಾಚಿಕೊಂಡಿರುವುದರಿಂದ ಮಧ್ಯದ ತೂತು 108 ಮಿ.ಮೀ. ಇರಲೇಬೇಕು. ಅದಕ್ಕಿಂತ ಕಿರಿದಾದ ಚಕ್ರವನ್ನು ತಂದು ನನ್ನ ಬಳಿಯೂ ಕೊರೆಸಲು ಬರುವವರಿದ್ದಾರೆ, ನಾನು ಒಪ್ಪುವುದಿಲ್ಲ. ಲೆಕ್ಕ ಹಾಕಿ ನೋಡಿ: ಸ್ಟಡ್ ತೂತು 14 ಮಿ.ಮೀ. ಎಂದುಕೊಂಡರೂ, 108ಕ್ಕೆ ಕೊರೆದ ಮೇಲೆ ಮಧ್ಯದ ತೂತಿಗೂ ಸ್ಟಡ್ ತೂತಿಗೂ ನಡುವೆ ಉಳಿಯುವ ಲೋಹ 9 ಮಿ.ಮೀ. ಕೂಡ ಇಲ್ಲ, ಅದರಲ್ಲೂ ನಟ್ಟಿನ ಶಂಕು ಕೂರುವ ಇಳಿಜಾರು ಒಂದಷ್ಟು ತಿನ್ನುತ್ತದೆ. 108ಕ್ಕೆಂದೇ ರೂಪಿಸಿದ ಚಕ್ರದಲ್ಲಿ ತಯಾರಕರು ಆ ಜಾಗಕ್ಕೆ ಬೇಕಾದ ದಪ್ಪವನ್ನು ಕೊಟ್ಟಿರುತ್ತಾರೆ. ಬೇರೆ ಅಳತೆಗೆ ಎರಕ ಹೊಯ್ದ ಚಕ್ರವನ್ನು ಕೊರೆದಾಗ ಆ ಭರವಸೆ ಇರುವುದಿಲ್ಲ.

ಎರಡನೆಯದು ನಟ್. ಇದರಲ್ಲಿ ಒಂದು ಮೋಸವಿದೆ. ಜಿಪ್ಸಿಯ ಸ್ಟಡ್ 12 ಮಿ.ಮೀ. ದಪ್ಪ, ಮರೆಯ (ಥ್ರೆಡ್‌ನ) ಅಂತರ 1.25 ಮಿ.ಮೀ. ಹಳೆಯ ಥಾರ್‌ನ ಪೂರ್ವಜನಾದ ವಿಲ್ಲಿಸ್ ಜೀಪಿನ ವಂಶದಲ್ಲಿ ಬಂದದ್ದು ಅರ್ಧ ಇಂಚಿನ ಸ್ಟಡ್, ಇಂಚಿಗೆ 20 ಮರೆ. ಮಿಲಿಮೀಟರಿನಲ್ಲಿ ಹೇಳುವುದಾದರೆ 12.7 ದಪ್ಪ, 1.27 ಅಂತರ. ಅಂತರ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಆ ನಟ್ ಜಿಪ್ಸಿಯ ಸ್ಟಡ್ಡಿನ ಮೇಲೆ ಸರಾಗವಾಗಿ ಏರುತ್ತದೆ, ಬಿಗಿಯಾದಂತೆಯೂ ತೋರುತ್ತದೆ, ಆದರೆ ಮರೆಯ ತುದಿ ಮಾತ್ರ ಕಚ್ಚಿಕೊಂಡಿರುತ್ತದೆ. ಚಕ್ರದ ಜೊತೆಗೆ ಅಂಗಡಿಯವರು ಕೊಡುವ ನಟ್ಟುಗಳನ್ನು ಪರೀಕ್ಷಿಸದೆ ಹಾಕಲೇಬೇಡಿ. ಉಕ್ಕಿನ ಡಿಸ್ಕಿಗಿಂತ ಅಲಾಯ್ ದಪ್ಪವಿರುವುದರಿಂದ ನಟ್ ಎಷ್ಟು ಸುತ್ತು ಹಿಡಿಯುತ್ತದೆಂದು ಎಣಿಸಿ. ಸ್ಟಡ್ಡಿನ ದಪ್ಪದಷ್ಟು ಉದ್ದವಾದರೂ ಒಳಗೆ ಹೋಗಬೇಕು, ಅಂದರೆ ಹತ್ತು ಸುತ್ತು. ನಟ್ಟಿನ ಮುಖ ಶಂಕುವೋ, ಗುಂಡೋ ಎಂಬುದು ಚಕ್ರದ ಆಸನಕ್ಕೆ ಹೊಂದಿರಬೇಕು. ಎದುರುಬದುರು ಕ್ರಮದಲ್ಲಿ ಟಾರ್ಕ್ ರೆಂಚಿನಿಂದ ಬಿಗಿದು, ನೂರು ಕಿಲೋಮೀಟರಿನೊಳಗೆ ಮತ್ತೊಮ್ಮೆ ಪರೀಕ್ಷಿಸಿ.

ಉತ್ತರ 3 (ಬರೆದವರು: ಚಾರ್ಮಾಡಿ ಹಾದಿ)

ಮೇಲಿನ ಇಬ್ಬರ ಮಾತಿಗೂ ನನ್ನ ಸಹಮತವಿದೆ, ಆದರೆ ಮೂರನೆಯ ಆಯ್ಕೆಯನ್ನು ಯಾರೂ ಹೇಳಲಿಲ್ಲ. ತೋಟದ ಗಾಡಿಗೆ ಅಲಾಯ್ ಏಕೆ? ಉಕ್ಕಿನ ಡಿಸ್ಕ್ ಬಗ್ಗಿದರೆ ಸುತ್ತಿಗೆಯಿಂದ ತಟ್ಟಿ ಮನೆ ಸೇರಬಹುದು. ಅಲಾಯ್ ಬಿರುಕು ಬಿಟ್ಟರೆ ಅಲ್ಲೇ ನಿಲ್ಲಬೇಕು. ಬಿರುಕಿಗೆ ವೆಲ್ಡಿಂಗ್ ಮಾಡಿಕೊಡುವವರಿದ್ದಾರೆ, ಆದರೆ ಎರಕ ಹೊಯ್ದ ಮೇಲೆ ಶಾಖ ಸಂಸ್ಕಾರದಿಂದ ಬಂದಿದ್ದ ಗಟ್ಟಿತನ ಆ ಜಾಗದಲ್ಲಿ ಹೋಗಿಬಿಡುತ್ತದೆ. ನನ್ನ ಗಾಡಿಯಲ್ಲಿ ಹಾಗೆ ಬೆಸೆದ ಚಕ್ರವೊಂದು ಎರಡನೇ ತಿಂಗಳಿಗೆ ಅದೇ ಗೆರೆಯಲ್ಲಿ ಸೀಳಿತು. ಐದನೆಯ ಚಕ್ರವಾಗಿ ಒಳ್ಳೆಯ ಉಕ್ಕಿನ ಡಿಸ್ಕ್ ಒಂದನ್ನು ಇಟ್ಟುಕೊಂಡರೆ, ಅದಕ್ಕೆ ಹೊಂದುವ ಹಳೆಯ ನಟ್ಟುಗಳನ್ನೂ ಗಾಡಿಯಲ್ಲೇ ಇಡಿ. ಅದರ ಟೈರು ಉಳಿದ ನಾಲ್ಕರ ಎತ್ತರದ್ದೇ ಆಗಿರಲಿ, ಇಲ್ಲವಾದರೆ ನಾಲ್ಕು ಚಕ್ರದ ಗೇರು ಹಾಕಿದಾಗ ಗೇರುಪೆಟ್ಟಿಗೆ ಒದ್ದಾಡುತ್ತದೆ.

ಒಂದು ಕಾನೂನಿನ ಮಾತು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರು ನಮೂದಿಸಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. ಮಡ್‌ಗಾರ್ಡಿನಿಂದಾಚೆ ಚಾಚಿದ ಚಕ್ರ ಎಲ್ಲರ ಕಣ್ಣಿಗೂ ಬೀಳುತ್ತದೆ. ಯಾವುದನ್ನೇ ಹಾಕಿಸಿದರೂ ವಿಮೆಯವರಿಗೆ ಬರಹದಲ್ಲಿ ತಿಳಿಸಿ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಕೃತಜ್ಞತೆಗಳು. ಭಾನುವಾರ ಜಿಮ್ನಿಯ ಒಂದು ಚಕ್ರವನ್ನು ತಂದು, ಹಿಂದಿನ ಹಬ್ಬಿಗಲ್ಲದೆ ಬೇಕೆಂದೇ ಮುಂದಿನ ಹಬ್ಬಿಗೆ ಕೂರಿಸಿ ನೋಡಿದೆ. ಬಡಿಯದೆ ಒಳಗೆ ಹೋಯಿತು, ಮುಖ ಪೂರ್ತಿ ತಾಗಿತು. ಕೈಯಲ್ಲಿ ತಿರುಗಿಸಿದಾಗ ಬ್ರೇಕ್ ಕ್ಯಾಲಿಪರ್‌ಗೆ ಎಲ್ಲಿಯೂ ಒರೆಸಲಿಲ್ಲ. ಸ್ಟಿಯರಿಂಗನ್ನು ಎರಡೂ ಕಡೆ ಕೊನೆಯವರೆಗೆ ತಿರುಗಿಸಿದಾಗಲೂ ಟೈರಿಗೂ ಸ್ಪ್ರಿಂಗಿಗೂ ನಡುವೆ ಬೆರಳು ತೂರುವಷ್ಟು ಜಾಗವಿತ್ತು. ಹಳೆಯ ನಟ್ಟುಗಳು ಮಾತ್ರ ಏಳು ಸುತ್ತಿಗೇ ನಿಂತದ್ದರಿಂದ ಜಿಮ್ನಿಯ ನಟ್ಟುಗಳನ್ನೇ ಕೇಳಿದ್ದೇನೆ. ಅದೇ ನೆಪದಲ್ಲಿ ಚಕ್ರ ಹಿಡಿದು ಅಲುಗಾಡಿಸಿ ನೋಡಿದಾಗ ಎಡಬದಿಯ ಕಿಂಗ್‌ಪಿನ್ ಬೇರಿಂಗ್ ಸಡಿಲವಾಗಿರುವುದು ತಿಳಿಯಿತು. ಮೊದಲು ಅದನ್ನು ಬದಲಾಯಿಸಿ ಆಮೇಲೆ ಚಕ್ರ ಹಾಕಿಸುತ್ತೇನೆ. ಉಕ್ಕಿನ ಡಿಸ್ಕ್‌ಗಳಲ್ಲಿ ಚೆನ್ನಾಗಿರುವುದೊಂದನ್ನು ಬಣ್ಣ ಬಳಿಸಿ, 195/80 ಟೈರು ಹಾಕಿಸಿ, ಸ್ಟೆಪ್ನಿಯಾಗಿ ಉಳಿಸಿಕೊಳ್ಳುತ್ತೇನೆ. ಮಗನಿಗೆ 8 ಇಂಚಿನ ಚಕ್ರದ ಲೆಕ್ಕವನ್ನು ಕಾಗದದ ಮೇಲೆ ಬರೆದು ತೋರಿಸಿದ್ದಾಯಿತು. ಅವನು ಇನ್ನೂ ಪೂರ್ತಿ ಒಪ್ಪಿಲ್ಲ.