ಸಹಾಯ ಬೇಕು: ಕಾರವಾರದ ಭಾನುವಾರ ಸಂತೆಗೆ ಗದ್ದಲ ಇಲ್ಲದ ಹೊತ್ತು ಯಾವುದು?

ನಮ್ಮನೆ ಸದಾಶಿವಗಡದಲ್ಲಿ. ಶನಿವಾರದವರೆಗೂ ಕೆಲಸ, ಸಂತೆಗೆ ಸಿಗೋದು ಭಾನುವಾರ ಒಂದೇ. ಬಸ್ಸಲ್ಲಿ ಕಾಲಿಡೋಕೂ ಜಾಗ ಇರಲ್ಲ. 2024ರ ಆಗಸ್ಟಲ್ಲಿ ಕಾಳಿ ನದಿಯ ಹಳೇ ಸೇತುವೆ ಕುಸಿದ ಮೇಲಂತೂ, ತುಂಬಿದ ಬಸ್ಸಲ್ಲಿ ಹೊಳೆ ದಾಟೋದು ಅಂದ್ರೆ ಅಮ್ಮನಿಗೆ ಎದೆ ಢವಢವ. ಸಂತೇಲಿ ನೂಕುನುಗ್ಗಲಿಗೆ ನಂಗೂ ಉಸಿರು ಕಟ್ಟತ್ತೆ. ಹೋದ ವಾರ ಬಸಳೆ, ಒಣಮೀನು ಏನೂ ತಗೊಳ್ಳದೆ ವಾಪಸ್ ಬಂದ್ವಿ, ಅಮ್ಮ ದಾರಿಯುದ್ದಕ್ಕೂ ಮಾತಾಡಲಿಲ್ಲ.

ಸಂಜೆ ಹೋಗಿ ನೋಡಿದೆ: ಜನ ಕಮ್ಮಿ, ಆದ್ರೆ ಒಳ್ಳೆ ತರಕಾರಿ ಖಾಲಿ. ಪ್ರತಿ ವಾರ ಆಟೋ ಕೈಗೆಟುಕಲ್ಲ. ಇನ್ನುಳಿದಿದ್ದು ಬೆಳಗಿನ ಜಾವ. ಆದ್ರೆ ತರಕಾರಿ ತರೋ ಹೆಂಗಸರು ಬುಟ್ಟಿ ಇಳಿಸೋ ಹೊತ್ತು ಗೊತ್ತಿಲ್ಲ.

ಎಷ್ಟು ಗಂಟೆಗೆ ಹೋದ್ರೆ ಅಂಗಡಿ ಹಾಕಿರ್ತಾರೆ, ಜನ ಇನ್ನೂ ಸೇರಿರಲ್ಲ? ಆ ಹೊತ್ತಿಗೆ ಸದಾಶಿವಗಡದಿಂದ ಕೂತು ಹೋಗೋ ಬಸ್ಸು ಸಿಗತ್ತಾ?