ಗೋವಾದ ಗ್ರ್ಯಾಂಡ್ ಐಲ್ಯಾಂಡ್ ನೀರಾಗ ಸ್ಟ್ರೋಬ್ (ನೀರೊಳಗಿನ ಫ್ಲ್ಯಾಶ್) ಹಚ್ಚಿದ್ರ ಫೋಟೋ ತುಂಬ ಬಿಳಿ ಚುಕ್ಕಿ, ಏನ್ ಮಾಡ್ಬೇಕ್ರಿ?

ಪ್ರಶ್ನೆ, ವಾಸ್ಕೋದಿಂದ:
ಸರ್ ನಮಸ್ಕಾರ್ರೀ, ನಾ ಹುಬ್ಬಳ್ಳಿಯಾಂವ, ಆರ್ ವರ್ಷ ಆತು ವಾಸ್ಕೋದಾಗ ಅದೀನಿ, ಡೈವಿಂಗ್ ಕಲ್ತು ಇದು ಎರಡನೇ ಸೀಸನ್. ಸೋನಿ ಎ6400 ಕ್ಯಾಮೆರಾ ಐತಿ, ಕಿಟ್ ಲೆನ್ಸ್, ನೀರು ಹೋಗದಂಗ ಹೌಸಿಂಗ್ ಡಬ್ಬಿ, ಈಗ ಸೆಕೆಂಡ್ ಹ್ಯಾಂಡ್ ಒಂದ್ ಸ್ಟ್ರೋಬ್ ತಗೊಂಡೀನಿ. ಹ್ವಾದ ರವಿವಾರ ಗ್ರ್ಯಾಂಡ್ ಐಲ್ಯಾಂಡದಾಗ ಲಯನ್‌ಫಿಶ್ ಸಿಕ್ತು, ಎರಡ್ ಮೀಟರ್ ದೂರದಿಂದ ನಲವತ್ತು ಫೋಟೋ ತಗದೆ, ಒಂದೂ ಛಲೋ ಬಂದಿಲ್ರಿ. ಮೀನಿನ ಮುಂದ ಹಿಟ್ಟು ಜರಡಿ ಹಿಡದಂಗ ಬಿಳಿ ಚುಕ್ಕಿ, ಮೀನು ಮಬ್ಬು, ಹಿಂದಿನ ನೀರು ಕರ್ರಗ. ಯಾರೋ ಹೇಳಿದ್ರು ಅಂತ ಶಟರ್ 1/160, ಅಪರ್ಚರ್ (ಲೆನ್ಸಿನ ಕಿಂಡಿ) ಎಫ್ 11, ಐಎಸ್ಒ 100, ಸ್ಟ್ರೋಬ್ ಫುಲ್ ಪವರ್ ಇಟ್ಟಿದ್ದೆ, ಸ್ಟ್ರೋಬ್ ಲೆನ್ಸ್ ಬಾಜೂಕ, ಮೀನಿಗೆ ನೇರ. ಸ್ಟ್ರೋಬ್ ಕೆಟ್ಟೈತೋ, ನನ್ ಸೆಟ್ಟಿಂಗ್ ತಪ್ಪೈತೋ?

ಉತ್ತರ:
ಸ್ಟ್ರೋಬ್ ಚೆನ್ನಾಗೇ ಇದೆ, ಹೊಸದು ತಗೊಳ್ಳೋಕ್ ಹೋಗ್ಬೇಡಿ. ನಿಮಗೆ ಯಾರೋ ಹೇಳಿದ್ದು ಮ್ಯಾಕ್ರೋ ಸೆಟ್ಟಿಂಗ್, ಒಂದು ಗೇಣು ದೂರದಲ್ಲಿ ಸಣ್ಣ ನುಡಿಬ್ರಾಂಕ್ (ಚಿಪ್ಪಿಲ್ಲದ ಕಡಲ ಹುಳ) ತೆಗೆಯೋಕೆ ಅದು ಸರಿ, ಎರಡು ಮೀಟರ್‌ಗೆ ಅದು ನಡೆಯಲ್ಲ. ನಿಜ ಹೇಳ್ಬೇಕಂದ್ರೆ ಸೆಟ್ಟಿಂಗ್‌ಗಿಂತ ಮೊದಲು ನೋಡ್ಬೇಕಾದ್ದು ದೂರ. ಎರಡು ಮೀಟರ್ ದೂರದ ಮೀನಿಗೆ ನಿಮ್ ಬೆಳಕು ಎರಡು ಮೀಟರ್ ಹೋಗಿ ಎರಡು ಮೀಟರ್ ವಾಪಸ್ ಬರ್ಬೇಕು, ಒಟ್ಟು ನಾಲ್ಕು ಮೀಟರ್ ನೀರು, ಅದೂ ಮಾಂಡವಿ ಜುವಾರಿ ಎರಡೂ ಹೊಳೆ ಬಂದು ಸೇರೋ ಕಡಲು. ನೀರು ಮೊದಲು ನುಂಗೋದೇ ಕೆಂಪು ಬಣ್ಣ, ಹಾಗಾಗಿ ಲಯನ್‌ಫಿಶ್‌ನ ಆ ಕೆಂಪು ಪಟ್ಟೆ ನಿಮ್ ಫೋಟೋದಲ್ಲಿ ಬರೋದೇ ಇಲ್ಲ. ಅರ್ಧ ಮೀಟರ್‌ಗೆ ಬನ್ನಿ, ಲೆನ್ಸ್ 16 ಎಂಎಂಗೆ ಇಟ್ಟು ಝೂಮ್ ಮರೆತುಬಿಡಿ. ನಿಧಾನ ಹೋಗಿ, ಮೀನನ್ನ ಮೂಲೆಗೆ ಒತ್ತಬೇಡಿ, ಅದರ ಮುಳ್ಳಲ್ಲಿ ವಿಷ ಇದೆ.

ಆಮೇಲೆ ಚುಕ್ಕಿ. ಮಳೆಗಾಲದಲ್ಲಿ ಅನಮೋಡ್ ಘಾಟಲ್ಲಿ ಮಂಜು ಕವಿದಾಗ ಹೈ ಬೀಮ್ ಹಾಕಿದ್ರೆ ಎದುರಿಗೆ ಬರೀ ಬಿಳಿ ಗೋಡೆ ಕಾಣತ್ತಲ್ಲ, ಅದೇ ಇದು, ಲೆನ್ಸಿಗೂ ಮೀನಿಗೂ ನಡುವೆ ಇರೋ ಕಸಕ್ಕೆ ಬೆಳಕು ಬಿದ್ದು ವಾಪಸ್ ಬರ್ತಿದೆ, ಬ್ಯಾಕ್‌ಸ್ಕ್ಯಾಟರ್ ಅಂತೀವಿ. ಹಾಗಾಗಿ ಸ್ಟ್ರೋಬ್‌ನ ಆರ್ಮ್ ಚಾಚಿ ಎಡಕ್ಕೆ ಮೇಲೆ ದೂರ ತಗೊಂಡು ಹೋಗಿ, ಹೌಸಿಂಗ್ ಹ್ಯಾಂಡಲ್‌ಗಿಂತ ಸ್ವಲ್ಪ ಹಿಂದೆ ಇರ್ಲಿ, ಮುಖ ಮೀನಿನ ಕಡೆ ಅಲ್ಲ, ಸ್ವಲ್ಪ ಹೊರಗಡೆ ತಿರುಗಿಸಿ. ಮೊದಮೊದಲು ಇದೇನು ಉಲ್ಟಾ ಅನ್ಸತ್ತೆ, ಆದ್ರೆ ಬೆಳಕಿನ ಅಂಚು ಮಾತ್ರ ಮೀನಿಗೆ ತಾಗಿದ್ರೆ ಸಾಕು, ನಡುವಿನ ನೀರು ಕತ್ತಲಲ್ಲೇ ಇರತ್ತೆ, ಕಸ ಕಾಣಲ್ಲ. ಡಿಫ್ಯೂಸರ್ ಇದ್ರೆ ಹಾಕಿ, ಬೆಳಕು ಅಗಲ ಹರಡತ್ತೆ.

ಈಗ ಎಕ್ಸ್‌ಪೋಶರ್, ಅಂದ್ರೆ ಫೋಟೋಗೆ ಎಷ್ಟು ಬೆಳಕು ಅನ್ನೋದು. ಸ್ಟ್ರೋಬ್ ಹೊಡೆಯೋದು ಕಣ್ಣು ಮಿಟುಕಿಸೋಕಿಂತ ಬೇಗ, ಅದಕ್ಕೇ ಶಟರ್ ಬದಲಾಯಿಸಿದ್ರೆ ಮೀನಿನ ಬೆಳಕು ಬದಲಾಗಲ್ಲ, ಹಿಂದಿನ ನೀರು ಮಾತ್ರ ಬದಲಾಗತ್ತೆ. ನೀರು ಕಪ್ಪಾದ್ರೆ ಶಟರ್ ನಿಧಾನ ಮಾಡಿ, ಮೀನು ಬೆಳ್ಳಗಾದ್ರೆ ಸ್ಟ್ರೋಬ್ ಪವರ್ ಇಳಿಸಿ. ಮ್ಯಾನ್ಯುವಲ್‌ನಲ್ಲಿ ಶಟರ್ 1/80, ಎಫ್ 8, ಐಎಸ್ಒ 400 ಇಡಿ. ಮೊದಲು ಸ್ಟ್ರೋಬ್ ಆಫ್ ಮಾಡಿ ಬರೀ ನೀರಿನ ಒಂದು ಫೋಟೋ ತೆಗೀರಿ, ಆ ಹಸಿರು ನಿಮಗೆ ಇಷ್ಟ ಆಗೋವರೆಗೂ ಶಟರ್ ಆಡಿಸಿ, ಆಮೇಲೆ ಸ್ಟ್ರೋಬ್ ಆನ್. ಎಫ್ 11ರಿಂದ 8ಕ್ಕೆ ಬಂದ್ರೆ ಬೆಳಕು ಡಬಲ್, ಐಎಸ್ಒ 100ರಿಂದ 400 ಅಂದ್ರೆ ನಾಲ್ಕು ಪಟ್ಟು, ಒಟ್ಟು ಎಂಟು ಪಟ್ಟು, ಮೇಲೆ ಹತ್ತಿರ ಬೇರೆ ಬಂದಿದೀರ, ಹಾಗಾಗಿ ಫುಲ್ ಪವರ್ ಬೇಡವೇ ಬೇಡ, 1/8 ಪವರ್‌ನಿಂದ ಶುರು ಮಾಡಿ. ಬ್ಯಾಟರಿ ಉಳಿಯತ್ತೆ, ಸ್ಟ್ರೋಬ್ ಬೇಗ ರೆಡಿ ಆಗತ್ತೆ, ಮೀನು ತಿರುಗೋ ಹೊತ್ತಿಗೆ ಇನ್ನೊಂದು ಹೊಡೀಬಹುದು. ರಾ (ಕ್ಯಾಮೆರಾ ಏನೂ ತಿದ್ದದ) ಫೈಲಲ್ಲೇ ತೆಗೀರಿ.

ಪ್ರಶ್ನೆ, ಮಡಗಾಂವ್‌ನಿಂದ:
ಸರ್ ಮಧ್ಯೆ ಕೇಳ್ತಿದೀನಿ, ನಂದು ಎಲೆಕ್ಟ್ರಿಕ್ ಕೇಬಲ್‌ನಿಂದ ಹೊಡೆಯೋ ಸ್ಟ್ರೋಬ್, ಬೇರೆ ಕ್ಯಾಮೆರಾ. ಸೂರ್ಯನ್ನ ಹಿಡಿಯೋಣ ಅಂತ ಶಟರ್ 1/500 ಮಾಡಿದ್ರೆ ಫೋಟೋದ ಒಂದು ಸೈಡ್ ಕಪ್ಪು ಪಟ್ಟಿ ಬರ್ತಿದೆ. ಮತ್ತೆ ಟಿಟಿಎಲ್ (ಸ್ಟ್ರೋಬ್ ಪವರ್ ಕ್ಯಾಮೆರಾನೇ ನೋಡ್ಕೊಳ್ಳೋದು) ಹಾಕಿದ್ರೆ ಇಷ್ಟೆಲ್ಲಾ ಲೆಕ್ಕ ಬೇಕಾ?

ಉತ್ತರ:
ಮೇಡಂ ಅದು ಸಿಂಕ್ ಸ್ಪೀಡ್, ಅಂದ್ರೆ ಸ್ಟ್ರೋಬ್ ಜೊತೆ ನಡೆಯೋ ಅತಿ ಫಾಸ್ಟ್ ಶಟರ್, ಅದನ್ನ ದಾಟಿದ್ದಕ್ಕೆ. ಅಷ್ಟು ಫಾಸ್ಟ್ ಇಟ್ರೆ ಶಟರ್‌ನ ಎರಡು ಪರದೆ ಪೂರ್ತಿ ತೆರೆದಿರೋ ಕ್ಷಣನೇ ಇರಲ್ಲ, ಸ್ಟ್ರೋಬ್ ಹೊಡೆದಾಗ ಸೆನ್ಸರ್‌ನ ಒಂದು ಭಾಗ ಮುಚ್ಚಿರತ್ತೆ. ಸುಮಾರು ಕ್ಯಾಮೆರಾಗಳಲ್ಲಿ 1/200 ಇಲ್ಲಾ 1/250, ಮೇಲಿನವರ ಎ6400ಲ್ಲಿ 1/160. ನಿಮ್ಮದರ ಲಿಮಿಟ್ ಒಳಗೇ ಇದ್ದು ಅಪರ್ಚರ್ ಮುಚ್ಚಿ, ಎಫ್ 13, 16, ಆಗ ಸ್ಟ್ರೋಬ್ ಪವರ್ ಏರಿಸಬೇಕಾಗತ್ತೆ. ಟಿಟಿಎಲ್ ಮ್ಯಾಕ್ರೋಗೆ ಚೆನ್ನಾಗಿದೆ, ಮೀನು ಫ್ರೇಮ್ ತುಂಬಿದ್ರೆ. ಸುತ್ತ ಖಾಲಿ ನೀರು ಜಾಸ್ತಿ ಇದ್ರೆ ಕ್ಯಾಮೆರಾ ಕತ್ತಲೆ ಅನ್ಕೊಂಡು ಜೋರಾಗಿ ಹೊಡೆದು ಮೀನನ್ನ ಸುಣ್ಣ ಮಾಡತ್ತೆ. ಮ್ಯಾನ್ಯುವಲ್ ಕಲೀರಿ ಮೇಡಂ, ನಾಲ್ಕು ಡೈವಲ್ಲಿ ಕೈಗೆ ಬರತ್ತೆ.

ಪ್ರಶ್ನೆ, ವಾಸ್ಕೋದಿಂದ:
ಥ್ಯಾಂಕ್ಸ್ ರೀ ಸರ್. ನನ್ ಕಡೆ ರೆಡ್ ಫಿಲ್ಟರ್ ಐತಿ, ಸ್ಟ್ರೋಬ್ ಜೋಡಿ ಹಚ್ಲ್ಯಾ? ಬೋಟ್‌ನ್ಯಾಗ ಹೌಸಿಂಗ್ ಒಳಗ ಒಂದೊಂದ್ ಸಲ ಆವಿ ಕೂಡ್ತೈತಿ, ಅದಕ್ಕೇನ್ ಮಾಡ್ಲಿ?

ಉತ್ತರ:
ಫಿಲ್ಟರ್ ತೆಗೆದಿಡಿ, ಕೆಂಪು ಬಣ್ಣ ಸ್ಟ್ರೋಬೇ ಕೊಡತ್ತೆ, ಎರಡೂ ಸೇರಿದ್ರೆ ಹತ್ತಿರದ್ದೆಲ್ಲಾ ಕೆಂಪು ಕೆಂಪು. ಆವಿ ಅಂದ್ರೆ ಬೋಟಲ್ಲಿ ಹೌಸಿಂಗ್ ತೆರೀತೀರ ಅನ್ಸತ್ತೆ, ಗೋವಾದ ಆ ಹಸಿ ಗಾಳಿ ಒಳಗೆ ಸಿಕ್ಕಿ ತಂಪು ನೀರಿಗೆ ಇಳಿದ ಕೂಡಲೆ ಗಾಜಿನ ಮೇಲೆ ಕೂರತ್ತೆ. ಹಿಂದಿನ ರಾತ್ರಿ ಎಸಿ ರೂಮಲ್ಲಿ ಕೂತು ಓ ರಿಂಗ್ (ನೀರು ತಡೆಯೋ ರಬ್ಬರ್ ಬಳೆ) ಒರೆಸಿ, ಒಂದು ಕೂದಲೂ ಇಲ್ಲದ ಹಾಗೆ ನೋಡಿ, ತೆಳ್ಳಗೆ ಗ್ರೀಸ್ ಸವರಿ, ಸಿಲಿಕಾ ಜೆಲ್ ಪೊಟ್ಟಣ ಒಂದು ಹಾಕಿ ಮುಚ್ಚಿಬಿಡಿ, ಡೈವ್ ಮುಗಿಯೋವರೆಗೂ ತೆರೀಬೇಡಿ. ಇನ್ನೊಂದು, ಫೋಟೋ ತೆಗೆಯೋವಾಗ ತಳದಲ್ಲಿ ಮೊಣಕಾಲು ಊರಬೇಡಿ, ಕಾಲಿನ ಫಿನ್ ಕೆಳಗೆ ಹೊಡೀಬೇಡಿ, ಕೋರಲ್ ಮುರಿಯತ್ತೆ, ಕೆಸರೂ ಏಳತ್ತೆ, ಆ ಕೆಸರು ಎದ್ದ ಮೇಲೆ ಸ್ಟ್ರೋಬ್ ಎಲ್ಲಿಟ್ರೂ ಚುಕ್ಕಿ ತಪ್ಪಿದ್ದಲ್ಲ. ಮುಂದಿನ ರವಿವಾರದ ಫೋಟೋ ಇಲ್ಲೇ ಹಾಕಿ, ಎಡಿಟ್ ಮಾಡದೆ ಹಾಕಿ, ನೋಡಿ ಹೇಳ್ತೀನಿ.