ಮೈಬಣ್ಣ ನೋಡಿ ತಡೆಯುವುದು: ದಾಖಲೆಯಲ್ಲಿ ಹಿಡಿಯುವುದು ಹೇಗೆ?

ಪ್ರಶ್ನೆ:
ಅಮೆರಿಕದ ಪೊಲೀಸರ ರೇಷಿಯಲ್ ಪ್ರೊಫೈಲಿಂಗ್ (ಮೈಬಣ್ಣ, ಜನಾಂಗ ನೋಡಿಯೇ ಅನುಮಾನಿಸುವುದು) ಮಾತು ಬಂದಾಗಲೆಲ್ಲ ಕೇಳಿಬರುವ ಸಮರ್ಥನೆ ಒಂದೇ: "ಯಾವ ಗುಂಪಿನಲ್ಲಿ ಬಂಧನ ಹೆಚ್ಚೋ ಅವರನ್ನೇ ಹೆಚ್ಚು ತಪಾಸಣೆ ಮಾಡುತ್ತಾರೆ, ತಪ್ಪೇನು?" ಇದಕ್ಕೆ ಲೆಕ್ಕದಲ್ಲೇ ಉತ್ತರ ಇದೆಯೇ?

ಉತ್ತರ 1:
ಇದೆ. ಎಷ್ಟು ಜನರನ್ನು ತಡೆದರು ಅನ್ನುವುದರ ಜೊತೆಗೆ, ತಡೆದಾಗ ಏನು ಸಿಕ್ಕಿತು ನೋಡಿ. ನ್ಯೂಯಾರ್ಕ್‌ನ 'ಸ್ಟಾಪ್ ಅಂಡ್ ಫ್ರಿಸ್ಕ್' (ದಾರಿಹೋಕರನ್ನು ತಡೆದು ಮೈ ತಡವಿ ನೋಡುವ ಪೊಲೀಸ್ ಪದ್ಧತಿ) ವಿರುದ್ಧದ ಫ್ಲಾಯ್ಡ್ ಮೊಕದ್ದಮೆಯಲ್ಲಿ 2004ರಿಂದ 2012ರ ಜೂನ್‌ವರೆಗಿನ 44 ಲಕ್ಷ ಪ್ರಕರಣಗಳ ದಾಖಲೆ ಕೋರ್ಟ್ ಮುಂದಿತ್ತು. ತಡೆದವರಲ್ಲಿ ಶೇ 52 ಕಪ್ಪು ವರ್ಣೀಯರು. ನಗರದ ಜನಸಂಖ್ಯೆಯಲ್ಲಿ ಅವರ ಪಾಲು ಶೇ 23. ಆಯುಧ ಸಿಕ್ಕಿದ್ದು? ಕಪ್ಪು ವರ್ಣೀಯರನ್ನು ತಡೆದಾಗ ಶೇ 1, ಬಿಳಿಯರನ್ನು ತಡೆದಾಗ ಶೇ 1.4. ಸಣ್ಣಪುಟ್ಟ ಅನುಮಾನಕ್ಕೂ ಕಪ್ಪು ವರ್ಣೀಯರನ್ನು ನಿಲ್ಲಿಸುತ್ತಿದ್ದರು ಅನ್ನುವುದಕ್ಕೆ ಇದು ಬಲವಾದ ಸುಳಿವು. ಇನ್ನು ಬಂಧನದ ಅಂಕಿ: ಹುಡುಕಿದ ಕಡೆ ತಾನೇ ಸಿಗುವುದು? ಸಿಕ್ಕಿದ್ದನ್ನೇ ತೋರಿಸಿ ಮತ್ತೆ ಅಲ್ಲೇ ಹುಡುಕುತ್ತಾರೆ.

ಉತ್ತರ 2:
ಜನಸಂಖ್ಯೆಯ ಹೋಲಿಕೆಯನ್ನು ಹೆದ್ದಾರಿಗೆ ಹಾಗೇ ಹಚ್ಚಬೇಡಿ. ಅಲ್ಲಿ ಓಡಾಡುವವರೆಲ್ಲ ಆ ಊರಿನವರಲ್ಲ. ವಾಹನ ತಪಾಸಣೆಗೆ 'ಕತ್ತಲ ಪರದೆ' ಪರೀಕ್ಷೆ ಮೇಲು: ಕತ್ತಲಲ್ಲಿ ಚಾಲಕನ ಬಣ್ಣ ಪೊಲೀಸರಿಗೆ ಸರಿಯಾಗಿ ಕಾಣುವುದಿಲ್ಲ ಅನ್ನುವುದೇ ಇದರ ಬುನಾದಿ. 2006ರಲ್ಲಿ ಸಂಶೋಧಕರಾದ ಗ್ರಾಗರ್ ಮತ್ತು ರಿಜ್‌ವೇ ಕ್ಯಾಲಿಫೋರ್ನಿಯಾದ ಓಕ್ಲೆಂಡ್‌ನ ದಾಖಲೆಗೆ ಇದನ್ನು ಬಳಸಿದರು. ಸಂಜೆ 6.30 ಚಳಿಗಾಲದಲ್ಲಿ ಕತ್ತಲು, ಬೇಸಿಗೆಯಲ್ಲಿ ಬೆಳಕು. ಗಡಿಯಾರದ ಅದೇ ಹೊತ್ತಿನ ಪ್ರಕರಣಗಳನ್ನು ಕತ್ತಲಿನವು, ಬೆಳಕಿನವು ಎಂದು ಎರಡು ಪಾಲು ಮಾಡಿ, ಸೂರ್ಯಾಸ್ತದ ನಂತರದ ಸುಮಾರು ಅರ್ಧ ಗಂಟೆಯ ಮಬ್ಬುಹೊತ್ತನ್ನು ಬಿಟ್ಟುಬಿಡಿ. ಚಾಲಕನ ಮುಖ ಕಾಣುವ ಬೆಳಕಿನಲ್ಲೇ ಕಪ್ಪು ವರ್ಣೀಯರ ಪಾಲು ಏರಿದರೆ ಅನುಮಾನ ಗಟ್ಟಿ. ಎಡವುವುದು ಎಲ್ಲಿ ಅಂದರೆ, ಬೀದಿದೀಪ ಜೋರಾಗಿದ್ದರೆ ಕತ್ತಲೇ ಕತ್ತಲಲ್ಲ. ಹೆಡ್‌ಲೈಟ್ ಕೆಟ್ಟ ಪ್ರಕರಣಗಳು ರಾತ್ರಿಯೇ ಕಣ್ಣಿಗೆ ಬೀಳುವುದರಿಂದ ಅವನ್ನು ಹೊರಗಿಡಿ. ತಡೆದ ಸಮಯದ ಬದಲು ವರದಿ ಬರೆದ ಸಮಯ ನಮೂದಾಗಿದ್ದರೆ ಇಡೀ ಲೆಕ್ಕ ಹಾಳು.

ಉತ್ತರ 3:
"ಕೆಂಪು ಜಾಕೆಟ್, ಎತ್ತರದ ಬಿಳಿಯ, ಈಗಷ್ಟೇ ಉತ್ತರಕ್ಕೆ ಓಡಿದ" ಎಂದು ಸಾಕ್ಷಿ ಹೇಳಿದರೆ ಬಣ್ಣ ಒಬ್ಬ ವ್ಯಕ್ತಿಯ ಗುರುತು. ಅದು ಪ್ರೊಫೈಲಿಂಗ್ ಅಲ್ಲ. ಗುಂಪಿನ ಸರಾಸರಿಯನ್ನು ಒಬ್ಬನ ತಲೆಗೆ ಕಟ್ಟುವುದು ಪ್ರೊಫೈಲಿಂಗ್. ಫ್ಲಾಯ್ಡ್ ದಾಖಲೆಯಲ್ಲಿ ಶೇ 88 ಪ್ರಕರಣಗಳು ಬಂಧನವೂ ಇಲ್ಲದೆ, ಸಮನ್ಸೂ ಇಲ್ಲದೆ ಮುಗಿದವು. ಆ ಅವಮಾನವನ್ನು ಯಾರು ಹೊರಬೇಕಿತ್ತು? ಕಾರಣಕ್ಕೆಂದು ಪೊಲೀಸರ ಫಾರಂನಲ್ಲಿ 'ಅನುಮಾನಾಸ್ಪದ ಚಲನೆ', 'ಅಪರಾಧ ಹೆಚ್ಚಿರುವ ಪ್ರದೇಶ' ಎಂಬ ಚೌಕಗಳಿದ್ದವು. ಟಿಕ್ ಹಾಕಿದರೆ ಆಯಿತು. ಹೀಗಾಗಿ ಫಾರಂನಲ್ಲಿ ಕಾರಣವನ್ನು ವಾಕ್ಯದಲ್ಲೇ ಬರೆಸಬೇಕು, ಏನೂ ಸಿಗದ ಪ್ರಕರಣವನ್ನೂ ದಾಖಲಿಸಲೇಬೇಕು. ಅಮೆರಿಕದ ಸುಪ್ರೀಂ ಕೋರ್ಟ್ ಕೊಟ್ಟ 1996ರ ರೆನ್ ತೀರ್ಪಿನ ಪ್ರಕಾರ ಸಣ್ಣ ಸಂಚಾರ ತಪ್ಪು ಕಂಡಿದ್ದರೂ ಸಾಕು, ಅಧಿಕಾರಿಯ ಮನಸ್ಸಿನಲ್ಲಿ ಏನಿತ್ತೆಂದು ಸಂವಿಧಾನದ ನಾಲ್ಕನೇ ತಿದ್ದುಪಡಿಯಡಿ (ಅಕಾರಣ ತಪಾಸಣೆಯಿಂದ ರಕ್ಷಣೆ ಕೊಡುವುದು) ಕೋರ್ಟ್ ಕೆದಕುವುದಿಲ್ಲ. ತಾರತಮ್ಯದ ದೂರನ್ನು ಸಮಾನ ರಕ್ಷಣೆಯ ವಿಧಿಯಡಿ ತರಬೇಕು, ಅಲ್ಲಿ ಉದ್ದೇಶ ಸಾಬೀತಾಗಬೇಕು. ಆಗ ಕೈಗೆ ಸಿಗುವ ಆಧಾರ ಈ ಫಾರಂಗಳೇ.